ನೀಟ್ ಸಿಗದಿದ್ದರೆ ಬಿಎಸ್ಸಿ ವ್ಯರ್ಥವೇ? ಬಾಗಲಕೋಟೆ ಜಿಲ್ಲೆಯಲ್ಲಿ ಜೀವಶಾಸ್ತ್ರ ಪದವಿ: ನಂಬಿಕೆ ಮತ್ತು ವಾಸ್ತವ

ಪಿಯುಸಿ ಮತ್ತು ನೀಟ್ ಫಲಿತಾಂಶ ಬಂದ ಮೇಲೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಭಾಗದ ಅನೇಕ ಮನೆಗಳಲ್ಲಿ ಒಂದೇ ಚರ್ಚೆ. ಮೆಡಿಕಲ್ ಸೀಟು ಸಿಗಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಕಳಿಸುವುದೋ, ಊರ ಹತ್ತಿರದ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿಸುವುದೋ? ಈ ಹೊತ್ತಿನಲ್ಲಿ ನೆಂಟರು, ನೆರೆಯವರು, ವಾಟ್ಸಾಪ್ ಸಂದೇಶಗಳು ಎಲ್ಲವೂ ಸಲಹೆ ಕೊಡುತ್ತವೆ. ಅವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಪೂರ್ತಿ ತಪ್ಪು. ತಪ್ಪು ಸಲಹೆಯ ಬೆಲೆ ಮಾತ್ರ ಮಗುವಿನ ಮೂರು ವರ್ಷ ಮತ್ತು ಮನೆಯವರ ದುಡ್ಡು. ಆದ್ದರಿಂದ ಹೆಚ್ಚು ಕೇಳಿಬರುವ ಐದು ನಂಬಿಕೆಗಳನ್ನು ನಾವು ಇಲ್ಲಿ ಒಂದೊಂದಾಗಿ ಪರಿಶೀಲಿಸಿದ್ದೇವೆ.

ಜೀವಶಾಸ್ತ್ರ ಪದವಿ ಎಂದರೇನು?

ಪಿಯುಸಿಯಲ್ಲಿ 'ಬಯಾಲಜಿ' ಎಂದು ಒಂದೇ ವಿಷಯವಾಗಿದ್ದದ್ದು ಪದವಿಯಲ್ಲಿ ಕವಲೊಡೆಯುತ್ತದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೈವಿಕ ತಂತ್ರಜ್ಞಾನ ಹೀಗೆ ಬೇರೆ ಬೇರೆ ವಿಷಯಗಳಾಗುತ್ತವೆ. ನಮ್ಮ ಕಡೆ ಹೆಚ್ಚು ಪರಿಚಿತವಾದದ್ದು 'ಸಿಬಿಝಡ್', ಅಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳ ಸಂಯೋಜನೆ.

ಅವಧಿಯ ಬಗ್ಗೆಯೂ ಗೊಂದಲವಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದಲ್ಲಿ ನಾಲ್ಕು ವರ್ಷದ ಪದವಿ ಬಂದಿತ್ತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಈಗ ಸೇರುವವರಿಗೆ ಒಟ್ಟು ಆರು ಸೆಮಿಸ್ಟರ್.

ಬಾಗಲಕೋಟೆಯ ಬಸವೇಶ್ವರ ವಿಜ್ಞಾನ ಕಾಲೇಜು, ಇಳಕಲ್‌ನ ಎಸ್‌ವಿಎಂ ಕಾಲೇಜು, ಹುನಗುಂದದ ವಿ.ಎಂ.ಎಸ್.ಆರ್. ವಸ್ತ್ರದ ಕಾಲೇಜು ಈ ಭಾಗದವರಿಗೆ ಗೊತ್ತಿರುವ ಹೆಸರುಗಳು. ಈ ಪ್ರದೇಶದ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. 2023ರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಹೆಸರು ಬಾಗಲಕೋಟೆಯದಾದರೂ ಕೇಂದ್ರ ಇರುವುದು ಜಮಖಂಡಿಯಲ್ಲಿ. ಅಂಕಪಟ್ಟಿ ಕೊಡುವುದು ವಿಶ್ವವಿದ್ಯಾಲಯವೇ ಆದ್ದರಿಂದ, ಕಾಲೇಜು ಸದ್ಯ ಯಾವುದಕ್ಕೆ ಸಂಯೋಜಿತ ಎಂದು ಸೇರುವ ಮುನ್ನವೇ ಕೇಳಿಕೊಳ್ಳಿ.

ನಂಬಿಕೆ 1: ಡಾಕ್ಟರ್ ಆಗದಿದ್ದರೆ ಜೀವಶಾಸ್ತ್ರ ಓದಿ ಉಪಯೋಗವಿಲ್ಲ

ಇದು ತಪ್ಪು. ಮೊದಲು ಲೆಕ್ಕ ನೋಡೋಣ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಸುಮಾರು 1.1 ಲಕ್ಷ. ಅಂದರೆ ಸುಮಾರು 21 ಮಂದಿಗೆ ಒಂದು ಸೀಟು. ಅದರಲ್ಲೂ ಹೆಚ್ಚುಕಡಿಮೆ ಅರ್ಧ ಖಾಸಗಿ ಕಾಲೇಜುಗಳಲ್ಲಿವೆ. ಸೀಟು ಸಿಗದ ಉಳಿದವರೆಲ್ಲ ದಡ್ಡರು ಎನ್ನಲು ಆಗುವುದಿಲ್ಲ; ಸೀಟೇ ಅಷ್ಟಿರುವುದು.

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ನೀಟ್‌ಗೆ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಗಿದೆ. ಬಿಎಸ್ಸಿ ಓದುತ್ತಲೇ ನೀಟ್ ಬರೆಯಲು ಅಡ್ಡಿಯಿಲ್ಲ. ಹಾಗಾಗಿ 'ಬಿಎಸ್ಸಿ ಸೇರಿದರೆ ಡಾಕ್ಟರ್ ಬಾಗಿಲು ಮುಚ್ಚಿತು' ಎಂಬುದು ಸರಿಯಲ್ಲ. ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಸುಲಭವಲ್ಲ ಎಂಬುದು ಮಾತ್ರ ನಿಜ.

ಇನ್ನು ಉಪಯೋಗದ ಮಾತು. ನಮ್ಮ ಜಿಲ್ಲೆಯ ದಾಳಿಂಬೆ ಬೆಳೆಗಾರರನ್ನು ಕೇಳಿ ನೋಡಿ. ದುಂಡಾಣು ಅಂಗಮಾರಿ ರೋಗ ಎಷ್ಟೋ ತೋಟಗಳನ್ನು ನೆಲಕಚ್ಚಿಸಿದೆ. ಇದಕ್ಕೆ ಕಾರಣ ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದು ಎಲೆಯ ಸಣ್ಣ ರಂಧ್ರಗಳಿಂದ, ಗಾಯಗಳಿಂದ ಒಳಹೊಗುತ್ತದೆ. ಮಳೆ ಹನಿಯ ಸಿಡಿತದಿಂದ, ಚಾಟ್ನಿ ಮಾಡುವ ಕತ್ತರಿಯಿಂದ ಗಿಡದಿಂದ ಗಿಡಕ್ಕೆ ಹರಡುತ್ತದೆ. ಇದನ್ನು ಶಿಲೀಂಧ್ರ ರೋಗ ಎಂದುಕೊಂಡು ಶಿಲೀಂಧ್ರದ ಔಷಧ ಹೊಡೆದರೆ ದುಡ್ಡು ಹೋಗುತ್ತದೆ, ರೋಗ ಹೋಗುವುದಿಲ್ಲ.

ಎರಡನ್ನೂ ಗುರುತಿಸುವ ಒಂದು ಸರಳ ವಿಧಾನವಿದೆ. ಚುಕ್ಕೆಯ ಅಂಚಿನ ಎಲೆಯ ಚೂರನ್ನು ಗಾಜಿನ ಪಟ್ಟಿಯ ಮೇಲೆ ನೀರ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಬ್ಯಾಕ್ಟೀರಿಯಾ ಇದ್ದರೆ ಕತ್ತರಿಸಿದ ಅಂಚಿನಿಂದ ಹಾಲಿನಂಥ ಧಾರೆ ಹೊರಬರುವುದು ಕಾಣುತ್ತದೆ. ಪದವಿ ಕಾಲೇಜಿನ ಪ್ರಯೋಗಾಲಯದಲ್ಲಿರುವ ಸಾಮಗ್ರಿಯೇ ಇದಕ್ಕೆ ಸಾಕು.

ನಂಬಿಕೆ 2: ಜೀವಶಾಸ್ತ್ರ ಎಂದರೆ ಬರೀ ಬಾಯಿಪಾಠ, ಗಣಿತ ಬೇಡ

ಅರ್ಧ ನಿಜ. ನೆನಪಿಡಬೇಕಾದ ಹೆಸರುಗಳು ಬಹಳ ಇವೆ. ಆದರೆ ಹೆಸರಿಗೂ ಕಾರಣವಿದೆ. ನಮ್ಮ ಹೊಲದ ಬದುವಿನಲ್ಲಿರುವ ಕರಿಜಾಲಿಯೂ 'ಜಾಲಿ', ಹಳ್ಳದ ದಂಡೆಯನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಯೂ 'ಜಾಲಿ'. ಮೊದಲನೆಯದು ವಾಚೆಲಿಯಾ ನೈಲೋಟಿಕಾ, ಈ ನೆಲದ್ದೇ ಮರ. ಎರಡನೆಯದು ಪ್ರೊಸೋಪಿಸ್ ಜೂಲಿಫ್ಲೋರಾ, ಅಮೆರಿಕ ಖಂಡದಿಂದ ಬಂದದ್ದು. ಒಂದನ್ನು ಉಳಿಸಬೇಕು, ಇನ್ನೊಂದನ್ನು ಹತೋಟಿಯಲ್ಲಿಡಬೇಕು ಎನ್ನುವಾಗ ಬರೀ 'ಜಾಲಿ' ಎಂದರೆ ಕೆಲಸ ಕೆಡುತ್ತದೆ.

ಗಣಿತದಿಂದ ತಪ್ಪಿಸಿಕೊಳ್ಳಲಂತೂ ಆಗದು. ಒಂದು ಔಷಧ ಹೊಡೆದ ಗಿಡಗಳಲ್ಲಿ ರೋಗ ಕಡಿಮೆಯಾಗಿದ್ದರೆ ಅದು ಔಷಧದ ಗುಣವೋ, ಆ ವರ್ಷ ಮಳೆ ಕಡಿಮೆಯಾದ ಫಲವೋ? ಇದಕ್ಕೆ ಉತ್ತರ ಕೊಡುವುದು ಸಂಖ್ಯಾಶಾಸ್ತ್ರ. ಅನುವಂಶೀಯತೆ, ಪರಿಸರಶಾಸ್ತ್ರ ಎರಡರಲ್ಲೂ ಲೆಕ್ಕವಿದೆ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ರಾಜಹಂಸ, ಪಟ್ಟೆತಲೆ ಹೆಬ್ಬಾತುಗಳ ಸಂಖ್ಯೆ ಹೆಚ್ಚಿತೋ ಇಳಿಯಿತೋ ಎಂದು ಹೇಳಲು ಕೂಡ ಎಣಿಸುವ ಕ್ರಮ ಗೊತ್ತಿರಬೇಕು.

ನಂಬಿಕೆ 3: ಕಪ್ಪೆ, ಇಲಿ ಕೊಯ್ಯಲೇಬೇಕು

ಈಗ ಇಲ್ಲ. ಪ್ರಾಣಿಶಾಸ್ತ್ರ ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಕಡಿಮೆ ಮಾಡಲು ಯುಜಿಸಿ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು, 2014ರಲ್ಲಿ ಪೂರ್ತಿ ನಿಲ್ಲಿಸಲು ಹೇಳಿತು. ಈಗ ಮಾದರಿಗಳು, ಸಿದ್ಧ ಸ್ಲೈಡುಗಳು, ಕಂಪ್ಯೂಟರ್ ಚಿತ್ರಗಳನ್ನು ಬಳಸುತ್ತಾರೆ. ಮನೆಯ ಸಂಪ್ರದಾಯದ ಕಾರಣಕ್ಕೆ ಹಿಂಜರಿಯುವವರು, ವಿಶೇಷವಾಗಿ ಹೆಣ್ಣುಮಕ್ಕಳ ಪಾಲಕರು, ಈ ಒಂದು ಕಾರಣಕ್ಕಾಗಿ ಪ್ರಾಣಿಶಾಸ್ತ್ರ ಬಿಡಿಸಬೇಕಿಲ್ಲ.

ನಂಬಿಕೆ 4: ಯಾವ ಬಿಎಸ್ಸಿ ಆದರೂ ಒಂದೇ

ಐದರಲ್ಲಿ ಹೆಚ್ಚು ನಷ್ಟ ಮಾಡುವ ನಂಬಿಕೆ ಇದೇ. ಹೆಸರು ಒಂದೇ ಇದ್ದರೂ ದಾರಿ ಬೇರೆ.

ಸಿಬಿಝಡ್ ಮುಗಿಸಿದವರು ರಕ್ತ ಪರೀಕ್ಷೆಯ ಲ್ಯಾಬ್ ಟೆಕ್ನಿಷಿಯನ್ ಆಗುವುದಿಲ್ಲ. ಅದಕ್ಕೆ ಡಿಎಂಎಲ್‌ಟಿ ಅಥವಾ ಬಿಎಸ್ಸಿ ಎಂಎಲ್‌ಟಿಯಂಥ ಪ್ಯಾರಾಮೆಡಿಕಲ್ ಓದು ಬೇಕು. ಹಾಗೆಯೇ ತೋಟಗಾರಿಕೆ ಇಲಾಖೆಯ ಅಧಿಕಾರಿ ಹುದ್ದೆಗಳಿಗೆ ಸಾಮಾನ್ಯವಾಗಿ ತೋಟಗಾರಿಕೆ ಪದವಿಯನ್ನೇ ಕೇಳುತ್ತಾರೆ. ಸಸ್ಯಶಾಸ್ತ್ರದ ಬಿಎಸ್ಸಿ ಅಲ್ಲಿ ನಡೆಯುವುದಿಲ್ಲ.

ತೋಟಗಾರಿಕೆಯೇ ಬೇಕೆನ್ನುವವರಿಗೆ ಬಾಗಲಕೋಟೆಯಲ್ಲೇ 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅಲ್ಲಿನ ಬಿಎಸ್ಸಿ ಆನರ್ಸ್ ನಾಲ್ಕು ವರ್ಷದ ಪದವಿ. ಪ್ರವೇಶ ಸಿಇಟಿ ಮೂಲಕ. ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿದ್ದು, ಅದಕ್ಕೆ ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ನೀಟ್ ಗುಂಗಿನಲ್ಲಿ ಸಿಇಟಿ ಅರ್ಜಿಯನ್ನೇ ಹಾಕದಿದ್ದರೆ ಮನೆ ಬಾಗಿಲಲ್ಲಿರುವ ಈ ಅವಕಾಶ ಆ ವರ್ಷಕ್ಕೆ ಕೈತಪ್ಪುತ್ತದೆ.

ನಂಬಿಕೆ 5: ಕನ್ನಡ ಮಾಧ್ಯಮದವರಿಗೆ ಇದು ಆಗದು

ಕಷ್ಟ ನಿಜ, ಆಗದು ಎಂಬುದು ಸುಳ್ಳು. ಬಿಎಸ್ಸಿ ಪಠ್ಯ, ಪರೀಕ್ಷೆ ಬಹುತೇಕ ಇಂಗ್ಲಿಷ್‌ನಲ್ಲೇ ಇರುತ್ತವೆ. ಆದರೆ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿದವರಿಗೆ ವಿಷಯ ಗೊತ್ತಿರುತ್ತದೆ, ಪದ ಮಾತ್ರ ಹೊಸದು. ಉಪ್ಪು ಹಾಕಿದ ಮಾವಿನ ಹೋಳು ನೀರು ಬಿಡುವುದು ಯಾಕೆಂದು 'ಅಭಿಸರಣೆ' ಪಾಠದಲ್ಲಿ ಓದಿದವರಿಗೆ 'ಆಸ್ಮಾಸಿಸ್' ಎಂಬುದು ಅದೇ ಸಂಗತಿಯ ಇನ್ನೊಂದು ಹೆಸರು. ಎರಡೂ ಭಾಷೆಯ ಪದಗಳನ್ನು ಎದುರುಬದುರು ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ಮೊದಲ ಎರಡು ಸೆಮಿಸ್ಟರ್‌ಗಳಲ್ಲಿ ಬಹಳ ಸಹಾಯ ಮಾಡುತ್ತದೆ. ಗಟ್ಟಿ ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದು ಎಂಬುದಕ್ಕೆ ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರೇ ಸಾಕ್ಷಿ, ಅವರ 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ.

ಪದವಿ ಆದ ಮೇಲೆ ಏನೇನಿದೆ?

ಶಿಕ್ಷಕ ವೃತ್ತಿ: ಎರಡು ವರ್ಷದ ಬಿಎಡ್ ಮಾಡಿದರೆ ಪ್ರೌಢಶಾಲೆಗಳ ಸಿಬಿಝಡ್ ಶಿಕ್ಷಕ ಹುದ್ದೆಗೆ ಅರ್ಹತೆ ಬರುತ್ತದೆ. ನೇಮಕಾತಿ ಪ್ರತಿ ವರ್ಷ ನಡೆಯುವುದಿಲ್ಲ ಎಂಬುದು ತಲೆಯಲ್ಲಿರಲಿ.

ಎಂಎಸ್ಸಿ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಜೀವರಸಾಯನಶಾಸ್ತ್ರ ವಿಭಾಗಗಳಿವೆ. ಹೆಣ್ಣುಮಕ್ಕಳಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವೂ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ-ಪಿಜಿ, ಐಐಟಿಗಳಿಗೆ ಜಾಮ್ ಪರೀಕ್ಷೆ ಬರೆಯಬೇಕು.

ಸಂಶೋಧನೆ: ಎಂಎಸ್ಸಿ ನಂತರ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಪಡೆದು ಪಿಎಚ್‌ಡಿ ಮಾಡಬಹುದು. ಕೆ-ಸೆಟ್ ಪಾಸಾದರೆ ರಾಜ್ಯದ ಕಾಲೇಜುಗಳಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ.

ಅರಣ್ಯ ಸೇವೆ: ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಗೆ ಪದವಿಯಲ್ಲಿ ಸಸ್ಯಶಾಸ್ತ್ರ ಅಥವಾ ಪ್ರಾಣಿಶಾಸ್ತ್ರ ಓದಿದವರು ಅರ್ಹರು.

ಪಿಯುಸಿ ಹಂತದಲ್ಲೇ ಸಂಶೋಧನೆಯ ಒಲವು ಇರುವವರು ಐಸರ್ ಸಂಸ್ಥೆಗಳ ಐಎಟಿ ಪರೀಕ್ಷೆಯನ್ನೂ ಬರೆಯಬಹುದು. ಅದರಲ್ಲಿ ಜೀವಶಾಸ್ತ್ರಕ್ಕೆ ಉಳಿದ ಮೂರು ವಿಷಯಗಳಷ್ಟೇ ತೂಕವಿದೆ.

ಇವುಗಳಲ್ಲಿ ಹೆಚ್ಚಿನವು ಬಿಎಸ್ಸಿ ಮುಗಿದ ಕೂಡಲೇ ಸಂಬಳ ಕೊಡುವ ದಾರಿಗಳಲ್ಲ. ಇನ್ನೂ ಎರಡರಿಂದ ಏಳು ವರ್ಷ ಓದು ಬೇಕಾಗಬಹುದು. ಮನೆಯ ಪರಿಸ್ಥಿತಿ ಇದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ಕೂತು ಮಾತಾಡುವುದು ಒಳ್ಳೆಯದು.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

- ಬೇಕಾದ ಮೂರು ವಿಷಯಗಳ ಸಂಯೋಜನೆ ಈ ಕಾಲೇಜಿನಲ್ಲಿ ಇದೆಯೇ?
- ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಕ್ಕೆ ಪೂರ್ಣಾವಧಿ ಅಧ್ಯಾಪಕರಿದ್ದಾರೆಯೇ?
- ಒಂದು ಸೂಕ್ಷ್ಮದರ್ಶಕಕ್ಕೆ ಎಷ್ಟು ವಿದ್ಯಾರ್ಥಿಗಳು? ಪ್ರಯೋಗಾಲಯವನ್ನು ಕಣ್ಣಾರೆ ನೋಡಿ ಬನ್ನಿ.
- ವರ್ಷಕ್ಕೆ ಒಮ್ಮೆಯಾದರೂ ಕ್ಷೇತ್ರ ಅಧ್ಯಯನಕ್ಕೆ ಕರೆದೊಯ್ಯುತ್ತಾರೆಯೇ?
- ಪ್ರಾಯೋಗಿಕ ತರಗತಿ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಬಾದಾಮಿಯಿಂದ ಬಾಗಲಕೋಟೆಗೆ ರೈಲು ಇದೆ. ಇಳಕಲ್, ಹುನಗುಂದದಿಂದ ಬರುವವರಿಗೆ ಬಸ್ಸೇ ಗತಿ.
- ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕಾಲೇಜು ನೆರವಾಗುತ್ತದೆಯೇ?

ಒಟ್ಟಿನಲ್ಲಿ

ಜೀವಶಾಸ್ತ್ರ ಪದವಿ ಮೆಡಿಕಲ್ ಸೀಟು ಸಿಗದವರ ಸಮಾಧಾನಕ್ಕೆ ಇಟ್ಟ ಕೋರ್ಸ್ ಅಲ್ಲ. ಸೇರಿದ ಕೂಡಲೇ ನೌಕರಿ ಖಾತ್ರಿ ಮಾಡುವ ಕೋರ್ಸೂ ಅಲ್ಲ. ಮುಂದಿನ ಹೆಜ್ಜೆ ಏನೆಂದು ತಿಳಿದು ಸೇರಿದವರಿಗೆ ಅದು ಒಳ್ಳೆಯ ತಳಪಾಯ. 'ಎಲ್ಲೋ ಒಂದು ಕಡೆ ಇರಲಿ' ಎಂದು ಸೇರಿದರೆ ಮೂರು ವರ್ಷದ ಬಳಿಕ ಅದೇ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ. ನೀಟ್ ಅಂಕ ನೋಡಿ ನಿರ್ಧರಿಸುವ ಮೊದಲು, ಗಿಡ, ಪ್ರಾಣಿ, ರೋಗ, ಪರಿಸರ ಇವುಗಳಲ್ಲಿ ಯಾವುದರ ಬಗ್ಗೆ ಪ್ರಶ್ನೆ ಕೇಳುವ ಆಸೆ ಇದೆ ಎಂದು ಮಕ್ಕಳನ್ನೇ ಒಮ್ಮೆ ಕೇಳಿ.