ಉತಾರ ಗಣಕಯಂತ್ರ ಸೇರಿದ ಬಗೆ

ಸರಕಾರಿ ಕಾಗದಗಳಲ್ಲಿ ‘ಪಹಣಿ’ ಎಂದಿದ್ದರೂ ನಮ್ಮ ಭಾಗದ ರೈತರ ಬಾಯಲ್ಲಿ ಅದು ‘ಉತಾರ’ವೇ. ಹೊಲ ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಪೀಕು, ಸಾಲದ ಬೋಜಾ ಇದೆಯೇ ಎಂಬುದೆಲ್ಲ ಆ ಒಂದು ಹಾಳೆಯಲ್ಲಿರುತ್ತದೆ. ಸೊಸಾಯಿಟಿಯ ಸಾಲಕ್ಕೂ ಬೆಳೆ ವಿಮೆಗೂ ಅದು ಬೇಕು. ಒಕ್ಕಲುತನವನ್ನೇ ನಂಬಿದ ಹಂಸಭಾವಿ ಸುತ್ತಲಿನ ಊರುಗಳಿಗೆ ಉತಾರದ ಇತಿಹಾಸವೆಂದರೆ ಮನೆಮನೆಯ ಇತಿಹಾಸ. ಒಂದು ದೊಡ್ಡ ಇಲಾಖೆ ಗಣಕಯಂತ್ರವನ್ನು ಹೇಗೆ ತನ್ನದಾಗಿಸಿಕೊಂಡಿತು ಎಂಬುದನ್ನೂ ಆ ಹಾಳೆಯಿಂದಲೇ ತಿಳಿಯಬಹುದು.

ನಮ್ಮ ತಾಲೂಕು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಊರಿನ ದಫ್ತರ ಕುಲಕರ್ಣಿಯವರ ವಶದಲ್ಲಿತ್ತು. 1950ರ ಮುಂಬಯಿ ಕಾಯ್ದೆಯಿಂದ ಕುಲಕರ್ಣಿ ವತನ ರದ್ದಾಯಿತು. ಲೆಕ್ಕಪತ್ರಗಳು ಸರಕಾರಿ ನೌಕರರಾದ ತಲಾಠಿಗಳ ಕೈಗೆ ಬಂದವು. ರಾಜ್ಯದಲ್ಲಿ ಇಂಥ ಗ್ರಾಮಲೆಕ್ಕಿಗರು ಸುಮಾರು 9,000 ಮಂದಿ ಇದ್ದರು. ಒಬ್ಬೊಬ್ಬರಿಗೆ ಮೂರು–ನಾಲ್ಕು ಹಳ್ಳಿ. ಅವರು ಸಿಕ್ಕ ದಿನವೇ ರೈತನಿಗೆ ಉತಾರ ಸಿಗುವ ದಿನ. ವಹಿ ಅವರ ಬಳಿ ಮಾತ್ರ ಇದ್ದುದರಿಂದ ಅದರಲ್ಲಿ ಏನಿದೆ ಎಂಬುದನ್ನು ಮೇಲಧಿಕಾರಿಗಳೂ ಸುಲಭವಾಗಿ ತಪಾಸಣೆ ಮಾಡುವಂತಿರಲಿಲ್ಲ. ಬಡವ, ವಿಧವೆ, ಓದು ಬಾರದವರಿಗೆ ಇದರ ಕಷ್ಟ ಹೆಚ್ಚು.

1990ರ ದಶಕದಲ್ಲಿ ಭೂ ದಾಖಲೆಗಳ ಗಣಕೀಕರಣದ ಮೊದಲ ಯತ್ನ ನಡೆಯಿತು. ಆದರೆ ತಾಲೂಕು ಕಚೇರಿಗಳಿಗೆ ಯಂತ್ರ ಕೊಡಲಿಲ್ಲ. ಜಿಲ್ಲಾ ಮಟ್ಟದಲ್ಲಿ ಮಾಹಿತಿ ತುಂಬುವುದೇ ಕೆಲಸವಾಯಿತು. ಇತ್ತ ಹಳ್ಳಿಗಳಲ್ಲಿ ವಾಟ್ನಿ, ಖರೀದಿ, ವಾರಸಾ ನಡೆಯುತ್ತಲೇ ಇದ್ದವು. ತುಂಬಿದ ಮಾಹಿತಿ ಬಳಕೆಗೆ ಬರುವ ಮೊದಲೇ ಹಳತಾಗುತ್ತಿತ್ತು. ಯಂತ್ರ ಒಂದು ಕಡೆ, ಕೆಲಸ ಇನ್ನೊಂದು ಕಡೆ.

ಈ ಅನುಭವದಿಂದ ಪಾಠ ಕಲಿತು ರೂಪಿಸಿದ್ದು ‘ಭೂಮಿ’ ಯೋಜನೆ. ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಸಿದ್ಧಪಡಿಸಿತು, ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವ ವಹಿಸಿದರು. ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರ ಸೇರಿದವು. 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲೂಕುಗಳಲ್ಲಿ 15 ರೂಪಾಯಿಗೆ ಅಚ್ಚಾದ ಪಹಣಿ ದೊರೆಯತೊಡಗಿತು.

ಆದರೆ ಬದಲಾವಣೆ ತಂದದ್ದು ಯಂತ್ರಕ್ಕಿಂತ ಹೆಚ್ಚಾಗಿ ನಿಯಮಗಳು. ಮೊದಲನೆಯದು, ಗಣಕೀಕರಣ ಮುಗಿದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ತೆಗೆದುಹಾಕಿದರು. ಎರಡೂ ಪದ್ಧತಿ ಜೊತೆಯಾಗಿ ನಡೆದಿದ್ದರೆ ಹಳೆಯದೇ ಗೆಲ್ಲುತ್ತಿತ್ತು. ಎರಡನೆಯದು, ಹಕ್ಕು ಬದಲಾವಣೆಯ ಅರ್ಜಿಗಳಿಗೆ ಸರದಿ ಗೊತ್ತುಮಾಡಿದರು. ಮೊದಲು ಬಂದ ಅರ್ಜಿಯನ್ನು ಬದಿಗಿಟ್ಟು ನಂತರದ್ದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಮೂರನೆಯದು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಯಂತ್ರ ತೆರೆಯಬೇಕು. ಯಾವ ತಿದ್ದುಪಡಿ ಯಾರು ಮಾಡಿದರು ಎಂಬುದು ದಾಖಲಾಗುತ್ತದೆ. ತಕರಾರಿಗೆ 30 ದಿನಗಳ ನೋಟಿಸು, ಕಂದಾಯ ನಿರೀಕ್ಷಕರ ಆದೇಶ ಇವು ಹಿಂದಿನಂತೆಯೇ ಉಳಿದವು.

ಲಾಭದ ಜೊತೆಗೆ ಹೊಸ ತೊಂದರೆಯೂ ಬಂತು. ಊರಿನಲ್ಲೇ ಸಿಗುತ್ತಿದ್ದ ಉತಾರಕ್ಕೆ ನಮ್ಮವರು ಹಿರೇಕೆರೂರಿಗೆ ಹೋಗಬೇಕಾಯಿತು. ಬಸ್ ಖರ್ಚು ಒಂದು, ದಿನದ ಕೂಲಿ ಹೋದದ್ದು ಇನ್ನೊಂದು. ಮುಂದೆ ಹೋಬಳಿ ಮಟ್ಟದಲ್ಲಿ ನೆಮ್ಮದಿ ಕೇಂದ್ರಗಳು, 2012ರ ಕೊನೆಯಿಂದ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಬಂದ ಮೇಲೆ ಈ ಅಲೆದಾಟ ಕಡಿಮೆಯಾಯಿತು. ನಮ್ಮ ವಿದ್ಯಾರ್ಥಿಗಳು ಶಿಷ್ಯವೇತನಕ್ಕೆ ತರುವ ಜಾತಿ, ಆದಾಯ ಪ್ರಮಾಣಪತ್ರಗಳೂ ಅಲ್ಲಿಯೇ ಸಿಗುವಂತಾದವು.

ಇನ್ನೊಂದು ಮಿತಿ ಇಂದಿಗೂ ಇದೆ. ವಹಿಯಲ್ಲಿದ್ದುದನ್ನೇ ಗಣಕಯಂತ್ರಕ್ಕೆ ಏರಿಸಿದ್ದರಿಂದ ವಹಿಯ ತಪ್ಪುಗಳೂ ಅಚ್ಚಾಗಿ ಬಂದವು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಉತಾರದಲ್ಲಿ ಅಜ್ಜನ ಹೆಸರೇ ಇರುವ ಮನೆಗಳಿವೆ. ಅಣ್ಣತಮ್ಮಂದಿರು ಬೇರೆಯಾಗಿ ಉಂಡರೂ ಹೊಲ ಜಂಟಿಯಾಗಿಯೇ ಇದೆ. ಪರಿಹಾರದ ಹಣ ನೇರವಾಗಿ ಬ್ಯಾಂಕ್ ಖಾತೆಗೆ ಬರುವ ಈ ಕಾಲದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ಹಣ ನಿಲ್ಲುತ್ತದೆ. ವಾರಸುದಾರರು ಅರ್ಜಿ ಕೊಟ್ಟು ಪೌತಿ ಖಾತೆ ಮಾಡಿಸಿಕೊಳ್ಳದ ಹೊರತು ಯಂತ್ರ ತಾನಾಗಿ ಇದನ್ನು ಸರಿಪಡಿಸದು.

ಶಾಲೆಗಳಿಗೂ ಈ ಮಾತು ಸಲ್ಲುತ್ತದೆ. ಇಂದು ಮಕ್ಕಳ ವಿವರಗಳೆಲ್ಲ ಆನ್‌ಲೈನ್‌ನಲ್ಲಿವೆ. ಆದರೆ ಅವುಗಳ ಮೂಲ ಒಂದನೆಯ ತರಗತಿಗೆ ಸೇರಿಸುವಾಗ ಬರೆಸಿದ ಹೆಸರು, ಜನ್ಮದಿನಾಂಕ. ಅಲ್ಲಿ ತಪ್ಪಿದ್ದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಬರುತ್ತದೆ. ಪಾಲಕರು ದಾಖಲಾತಿಯ ದಿನವೇ ಅದನ್ನು ಒಮ್ಮೆ ಓದಿಸಿ ಕೇಳಬೇಕು. ಉತಾರ ಓದಲು ಬರುವ ಮಕ್ಕಳು ಮನೆಯ ಹಿರಿಯರಿಗೆ ಅದನ್ನೂ ಒಮ್ಮೆ ಓದಿ ಹೇಳಬೇಕು.