ವಿಮಾನ ಬಳ್ಳಾರಿಯಲ್ಲಿ ತಂಗಿದ ರಾತ್ರಿ

ಕರಾಚಿಯಿಂದ ಮದ್ರಾಸಿಗೆ ಹಾರುವ ದಾರಿಯಲ್ಲಿ ಬಳ್ಳಾರಿ ಸಿಗುತ್ತಿತ್ತು ಅಂದರೆ ಸಿರುಗುಪ್ಪದ ನನ್ನ ವಿದ್ಯಾರ್ಥಿಗಳು ನಗುತ್ತಾರೆ. ಅವರ ಮಟ್ಟಿಗೆ ದೂರ ಎಂದರೆ ಬಳ್ಳಾರಿ ಬಸ್ಸು. 55 ಕಿಲೋಮೀಟರು, ಒಂದೂವರೆ ಗಂಟೆ, ಸೀಟು ಸಿಕ್ಕರೆ ಪುಣ್ಯ.

1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಟಾಟಾ ಕರಾಚಿಯಿಂದ ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಟಪಾಲು ಹೊತ್ತು ಹೊರಟರು. ಅಹಮದಾಬಾದಿನಲ್ಲಿ ಪೆಟ್ರೋಲು ತುಂಬಿಸಿಕೊಂಡು ಮಧ್ಯಾಹ್ನ ಮುಂಬಯಿಯ ಜುಹೂ ಬಯಲಿನಲ್ಲಿ ಇಳಿದರು. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಟಪಾಲು ಮುಟ್ಟಬೇಕಿದ್ದುದು ಮದ್ರಾಸಿಗೆ. ಅದನ್ನು ಮುಂದೆ ಒಯ್ದವರು ನೆವಿಲ್ ವಿನ್ಸೆಂಟ್. ಇಂಥದೊಂದು ಸೇವೆ ಶುರು ಮಾಡೋಣವೆಂದು ಟಾಟಾ ಸಂಸ್ಥೆಯ ಮುಂದೆ ಯೋಜನೆ ಇಟ್ಟವರೂ ಅವರೇ. ಆ ಸಂಜೆ ಅವರು ಇಳಿದದ್ದು ಬಳ್ಳಾರಿಯಲ್ಲಿ. ರಾತ್ರಿ ಇಲ್ಲೇ ಕಳೆದು ಮರುದಿನ ಮದ್ರಾಸು ಸೇರಿದರು.

ಬಳ್ಳಾರಿಯೇ ಯಾಕೆ? ನಕ್ಷೆ ಹರಡಿಕೊಂಡು ಅಳೆದು ನೋಡಿದೆ. ಮುಂಬಯಿಯಿಂದ ಬಳ್ಳಾರಿಗೆ ನೇರ ಗೆರೆಯಲ್ಲಿ ಸುಮಾರು 615 ಕಿ.ಮೀ., ಇಲ್ಲಿಂದ ಮದ್ರಾಸಿಗೆ ಸುಮಾರು 430. ಮುಂಬಯಿಗೂ ಮದ್ರಾಸಿಗೂ ನಡುವೆ ಗೆರೆ ಎಳೆದರೆ ಬಳ್ಳಾರಿ ಹೆಚ್ಚುಕಡಿಮೆ ಅದರ ಮೇಲೆಯೇ ಕೂತಿದೆ. ಪುಸ್ ಮಾತ್‌ನ ವೇಗ ಗಂಟೆಗೆ 160 ಕಿ.ಮೀ. ಆಸುಪಾಸು. ಮಧ್ಯಾಹ್ನ ಜುಹೂ ಬಿಟ್ಟರೆ ನಾಲ್ಕು ತಾಸಿನ ಹಾರಾಟ. ಅಕ್ಟೋಬರಿನಲ್ಲಿ ನಮ್ಮ ಕಡೆ ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಲ್ಲಿ ದಾರಿ ತೋರಿಸುವ ರೇಡಿಯೋ ಇಲ್ಲದ ಆ ವಿಮಾನಕ್ಕೆ ನೆಲ ಕಾಣುವಷ್ಟರಲ್ಲಿ ಇಳಿಯಲೇಬೇಕಿತ್ತು. ಅಂದಿನ ಪ್ರಯಾಣದ ಸಮಯವನ್ನು ತೀರ್ಮಾನಿಸುತ್ತಿದ್ದುದು ಎಂಜಿನ್ನಿನಷ್ಟೇ ಸೂರ್ಯ ಕೂಡ.

ರೈಲಿನವರು ಈ ಲೆಕ್ಕ ಹಾಕಿರಲಿಲ್ಲ. ಮುಂಬಯಿ-ಮದ್ರಾಸು ಮುಖ್ಯ ಮಾರ್ಗ ರಾಯಚೂರು, ಆದೋನಿ, ಗುಂತಕಲ್ಲು ಹಿಡಿದು ಹೋಯಿತು. ಬಳ್ಳಾರಿ ಪಕ್ಕಕ್ಕೆ ಉಳಿಯಿತು. ವಿಮಾನ ಆ ಅನ್ಯಾಯ ಸರಿಮಾಡಿತು ಅಂತ ಹೆಮ್ಮೆಪಡುವಷ್ಟರಲ್ಲಿ ವಿಮಾನದ ದಾರಿಯೂ ಹೈದರಾಬಾದಿನ ಮೇಲೆ ತಿರುಗಿತು.

ನನಗೆ ಕಾಡುವುದು ಬೇರೆ. ಆಗ ನಮ್ಮ ರಾಜಧಾನಿ ಮದ್ರಾಸು. ಜಮೀನಿನ ವ್ಯಾಜ್ಯ ಹೈಕೋರ್ಟಿಗೆ ಹತ್ತಿದರೆ ಕುರುಗೋಡಿನ ರೈತ ಅಲ್ಲಿಗೇ ಹೋಗಬೇಕು. ಮೊದಲು ಎತ್ತಿನ ಗಾಡಿಯಲ್ಲಿ ಬಳ್ಳಾರಿ, ಆಮೇಲೆ ರೈಲು, ಗುಂತಕಲ್ಲಿನಲ್ಲಿ ಕಾಯುವುದು, ಮತ್ತೆ ರೈಲು. ಇಳಿದ ಮೇಲೆ ತಮಿಳು, ಇಂಗ್ಲಿಷು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ಕರಾಚಿಗೆ ತಂದ ಕಾಗದ ಅವನ ತಲೆಯ ಮೇಲಿಂದ ಮೂರು ತಾಸಿನಲ್ಲಿ ಮದ್ರಾಸಿಗೆ ಹೋಗುತ್ತಿದ್ದ ಕಾಲವದು. ಅವನ ಮದ್ರಾಸು ಮಾತ್ರ ಇದ್ದಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯ ಸೇರಿದಾಗ ರಾಜಧಾನಿ ಬೆಂಗಳೂರಾಯಿತು, ಭಾಷೆ ಹತ್ತಿರವಾಯಿತು. ಅದೇ ದಿನ ಸಿರುಗುಪ್ಪದವರಿಗೆ ಪಕ್ಕದ ಆದೋನಿ ಬೇರೆ ರಾಜ್ಯವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಸರ್, ಹಂಗಾರ ಅದು ನಮ್ಮೂರ ಮ್ಯಾಗ ಹೋಗಿತ್ತೇನ್ರಿ?"

ಸ್ಕೇಲು ಇಟ್ಟು ತೋರಿಸಿದೆ. ನೇರ ಹಾರಿದ್ದರೆ ಕಂಪ್ಲಿಯ ಹತ್ತಿರ ತುಂಗಭದ್ರೆ ದಾಟಬೇಕು. ಕುರುಗೋಡಿನ ಗುಡ್ಡ ಎಡಕ್ಕೆ ಹತ್ತು ಕಿಲೋಮೀಟರಿನೊಳಗೆ. ಸದ್ದು ಕೇಳಿದ್ದರೂ ಕೇಳಿರಬಹುದು. ಸಿರುಗುಪ್ಪ ಇನ್ನೂ ಆಚೆ.

"ಅಂದ್ರ ನಮಗ ಅದೂ ಕಂಡಿಲ್ಲ ಬಿಡ್ರಿ," ಅಂದ.