ಒಂದೇ ಗಿಡ, ಎರಡು ನ್ಯಾಯ

ಗಾಂಜಾ ಕಾನೂನುಬದ್ಧವಾಗಬೇಕೇ ಎಂಬ ವಾದ ಆಫೀಸಿನಲ್ಲಿ ಊಟದ ಹೊತ್ತಿಗೆ ಎದ್ದಾಗಲೆಲ್ಲ ನನಗೆ 1893 ನೆನಪಾಗುತ್ತದೆ. ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಬಂದದ್ದರಿಂದ ಭಾರತ ಸರ್ಕಾರ ಆ ವರ್ಷ ಏಳು ಜನರ ಆಯೋಗವೊಂದನ್ನು ನೇಮಿಸಿತು. ಅದು 1,193 ಸಾಕ್ಷಿಗಳನ್ನು ವಿಚಾರಿಸಿ, 1894ರಲ್ಲಿ ವರದಿ ಕೊಟ್ಟಿತು: ಮಿತ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯ ಹಿಡಿತ ಸಾಕು. ಅಬಕಾರಿ ಆದಾಯವೂ ಉಳಿಯಿತೆನ್ನಿ.

1961ರ ಅಂತರರಾಷ್ಟ್ರೀಯ ಒಪ್ಪಂದದ ಬೆನ್ನಿಗೆ 1985ರಲ್ಲಿ ನಮ್ಮ ಎನ್‌ಡಿಪಿಎಸ್ ಕಾಯ್ದೆ ಬಂತು. ಅದರ ಪ್ರಕಾರ ಹೂವಿನ ತುದಿ ಗಾಂಜಾ. ಬರಿಯ ಎಲೆ ಗಾಂಜಾ ಅಲ್ಲ. ಹಾಗಾಗಿ ಕಾಶಿಯಲ್ಲಿ ಭಾಂಗ್‌ಗೆ ಸರ್ಕಾರಿ ಪರವಾನಗಿಯ ಅಂಗಡಿ, ಚಿಲುಮೆ ಸೇದಿದವನಿಗೆ ಪೊಲೀಸ್ ಠಾಣೆ.

ನಾನು ಗಾಂಜಾದ ವಕೀಲನಲ್ಲ. ಆದರೆ ಒಬ್ಬನನ್ನು ಜೈಲಿಗೆ ಕಳಿಸುವ ಮೊದಲು ಸಾವಿರ ಜನರನ್ನು ಕೇಳಿದ ಆ ಪರಕೀಯರ ತಾಳ್ಮೆ ನಮಗೂ ಬೇಕು.